ಒಂದು ಗೇಣು ದಾರ

ನಮ್ಮ ಮನೆಯಲ್ಲಿ ಯಾವುದನ್ನೂ ಪೂರ್ತಿ ಅಳೆಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ನಡೆದದ್ದೆಲ್ಲ ಇದರಿಂದಲೇ ಹುಟ್ಟಿದ್ದು. ಅಡುಗೆಮನೆಯ ಮೂಲೆಯಲ್ಲಿ ಹಲಸಿನ ಹಲಗೆಯ ಅಕ್ಕಿಪೆಟ್ಟಿಗೆ ಇತ್ತು. ಅಜ್ಜಿ ದಿನವೂ ಅದರಿಂದ ಸೇರು ತುಂಬ ಅಕ್ಕಿ ಎತ್ತುವಳು, ಎತ್ತಿದ ಮೇಲೆ ಮೂರು ಬೆರಳಲ್ಲಿ ಒಂದು ಚಿಟಿಕೆ ತೆಗೆದು ಪೆಟ್ಟಿಗೆಗೆ ವಾಪಸು ಹಾಕುವಳು, ಆಮೇಲೆಯೇ ಮುಚ್ಚಳ. ಹಾಲಿನ ತಂಬಿಗೆಯನ್ನು ಕಂಠದವರೆಗೆ ತುಂಬಿಸುವಂತಿರಲಿಲ್ಲ. ನಾನು ಶಾಲೆಯಲ್ಲಿ ಕಲಿತು ಬಂದ ಹುರುಪಿನಲ್ಲಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು ನನ್ನ ಎತ್ತರಕ್ಕೆ ಇದ್ದಿಲಲ್ಲಿ ಗೆರೆ ಎಳೆದರೆ, ಸಂಜೆಯೊಳಗೆ ಅದು ಒದ್ದೆ ಬಟ್ಟೆಯಲ್ಲಿ ಒರೆಸಿಹೋಗಿರುತ್ತಿತ್ತು. ದರ್ಜಿ ಲಂಗದ ಅಳತೆ ತೆಗೆಯಲು ಬಂದರೆ ಅಜ್ಜಿ ಪಕ್ಕದಲ್ಲೇ ಕೂತು, "ಒಂದ್ ಬೆರಳು ಕಮ್ಮಿ ಬರ್ಕ ಮಾರಾಯಾ" ಅನ್ನುವಳು. ಹೀಗಾಗಿ ನನ್ನ ಬಾಲ್ಯದ ಲಂಗಗಳೆಲ್ಲ ಹೊಲಿಸಿದ ದಿನವೇ ಗಿಡ್ಡ. ಪೂರ್ತಿ ಅಳತೆ ಹೊಸಿಲು ದಾಟಿ ಹೊರಗೆ ಹೋದರೆ ಅದನ್ನು ಹಿಂಬಾಲಿಸಿ ಯಾವುದೋ ಒಂದು ಒಳಗೆ ಬರುತ್ತದೆ ಎಂದು ಅವಳ ನಂಬಿಕೆ. ಬರುವುದು ಏನು ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ, ನನ್ನ ತಲೆಗೆ ಎಣ್ಣೆ ತಿಕ್ಕುತ್ತ, ಬೆಳಕೆ ಊರಿನ ತವರುಮನೆಯಲ್ಲಿ ತನ್ನ ತಮ್ಮನನ್ನು ದಾರದಲ್ಲಿ ಅಳೆದದ್ದನ್ನು ಹೇಳಿದ್ದಳು. ಹುಡುಗನಿಗೆ ಹದಿನಾರು ವರ್ಷ. ಅಳೆದದ್ದು ಚಟ್ಟ ಕಟ್ಟುವುದಕ್ಕೆ.

ನಮ್ಮದು ಕಾಯ್ಕಿಣಿಯ ಕಡೆಯ ಚಿರೆಕಲ್ಲಿನ ಸಣ್ಣ ಮನೆ. ಜಗಲಿ, ನಡುಮನೆ, ಅಡುಗೆಮನೆ, ಒಂದು ಕತ್ತಲೆ ಕೋಣೆ. ಆ ಕೋಣೆಯ ಕಿಟಕಿ ತೆರೆದರೆ ನೇರ ಕೊಟ್ಟಿಗೆ ಕಾಣುತ್ತಿತ್ತು. ಅಪ್ಪ ಕುಮಟೆಯ ಆಚೆ ಕಲ್ಲುಕ್ವಾರಿಯಲ್ಲಿ ಕೆಲಸಕ್ಕಿದ್ದು, ಹದಿನೈದು ದಿನಕ್ಕೊಮ್ಮೆ ಮೈಯೆಲ್ಲ ಕೆಂಪು ಧೂಳಾಗಿ ಬರುವವನು. ಉಳಿದಂತೆ ಮನೆ ಅಂದರೆ ಅಜ್ಜಿ, ಅಮ್ಮ, ನಾನು. ಅಮ್ಮ ಕುಮಟೆ ಪೇಟೆಯ ಹುಡುಗಿ. ಪೇಪರು ಓದುವವಳು, ಸಭೆಗೆ ಕರೆದರೆ ಮುಂದಿನ ಸಾಲಲ್ಲಿ ಕೂರುವವಳು. ಹಾಲಿನ ಸಂಘದವರು ಜರ್ಸಿ ಮಿಶ್ರತಳಿಯ ಹಸು ಕೊಡಿಸುತ್ತಾರೆ ಎಂದಾಗ ಅಮ್ಮನೇ ಹಟ ಹಿಡಿದು ಚಂದ್ರಿಯನ್ನು ತರಿಸಿದಳು. ಜೇನುಬಣ್ಣದ ಮೈ, ಕಾಡಿಗೆ ಹಚ್ಚಿದ ಹಾಗಿನ ಕಣ್ಣು, ನಮ್ಮ ಊರಿನ ಗಿಡ್ಡ ದನಗಳ ಪಕ್ಕ ನಿಂತರೆ ಆನೆ. ಅಜ್ಜಿ ಜಗಲಿಯಿಂದ ಕೆಳಗಿಳಿಯದೆಯೇ ನೋಡಿದಳು.

"ನಿನ್ ಮಗ ಪೇಟೆಯಿಂದ ತಂದದ್ದು ಎರಡಾತು ನೋಡು," ಎಂದು ಗೋಡೆಯ ಮೇಲಿನ ಅಜ್ಜನ ಫೋಟೋಕ್ಕೆ ಹೇಳಿದಳು. "ಒಂದಕ್ಕೆ ಪೇಪರ್ ಬೇಕು, ಒಂದಕ್ಕೆ ಹಿಂಡಿ ಬೇಕು."

"ಒಂದು ಹಾಲು ಕೊಡ್ತದೆ, ಒಂದು ಕಾಸಿ ಕೊಡ್ತದೆ, ಎರಡೂ ನಿಮ್ಗೇ ಅತ್ತೆ," ಅಂದಳು ಅಮ್ಮ ಕೊಟ್ಟಿಗೆಯಿಂದಲೇ.

"ಇದು ಈ ನೆಲದ್ದಲ್ಲ. ಈ ನೆಲದ ಹುಳಹುಪ್ಪಡಿಗೆ ಇದರ ಮೈ ಗೊತ್ತಿಲ್ಲ, ಇದಕ್ಕೆ ಅವುಗಳ ಗುರ್ತು ಇಲ್ಲ."

ಅಜ್ಜಿ ಓದಿದವಳಲ್ಲ, ಆದರೆ ಆ ಮಾತು ಎಷ್ಟು ನಿಜವೆಂದು ನಾನು ತಿಳಿದದ್ದು ಬಹಳ ತಡವಾಗಿ. ಬೇಣದ ಹುಲ್ಲುಗಾವಲಲ್ಲಿ ಮೇಯುವ ದನಗಳ ಮೈಗೆ ಉಣುಗು ಹತ್ತುವುದು ನಮ್ಮಲ್ಲಿ ಮಾಮೂಲು. ಕಿವಿಯ ಒಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿಯಲ್ಲಿ ಕಚ್ಚಿ ಕೂತು ರಕ್ತ ಕುಡಿದು ಹುಣಸೆಬೀಜದಷ್ಟು ಉಬ್ಬುತ್ತವೆ. ಗಿಡ್ಡ ದನಗಳು ಬಾಲ ಬೀಸಿ ಸುಮ್ಮನಿರುತ್ತವೆ. ಹೊರಗಿನ ತಳಿಗೆ ಆ ಉಣುಗಿನ ಬಾಯಿಂದ ಕಣ್ಣಿಗೆ ಕಾಣದ ಜೀವಿಯೊಂದು ರಕ್ತಕ್ಕೆ ಇಳಿಯುತ್ತದೆ, ಕೆಂಪು ಕಣಗಳನ್ನು ಒಡೆಯುತ್ತದೆ, ಹಸು ಕಾಫಿಬಣ್ಣದ ಉಚ್ಚೆ ಹೊಯ್ಯುತ್ತದೆ. ಬೈಯುತ್ತಲೇ ಅಜ್ಜಿ ಚಂದ್ರಿಗೆ ಸೋತಳು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅವಳು ಕರಟದಲ್ಲಿ ಸೀಮೆಎಣ್ಣೆ ಹಾಕಿಕೊಂಡು ಕೊಟ್ಟಿಗೆಗೆ ಹೋಗಿ ಒಂದೊಂದೇ ಉಣುಗನ್ನು ಕಿತ್ತು ಅದರಲ್ಲಿ ಹಾಕುವಳು. ಚಂದ್ರಿ ಕತ್ತು ಚಾಚಿ ಅವಳ ಹೆಗಲ ಮೇಲೆ ಗದ್ದ ಇಡುವುದು. ಅಮ್ಮನಿಗೆ ಇದು ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರುತ್ತಿದ್ದಳು.

ನನಗೆ ತಮ್ಮ ಹುಟ್ಟಿದ ಮೂರನೇ ದಿನ ಚಂದ್ರಿ ಹುಲ್ಲಿಗೆ ಬಾಯಿ ಹಾಕಲಿಲ್ಲ. ಅಮ್ಮ ಕತ್ತಲೆ ಕೋಣೆಯಲ್ಲಿ ಬಾಣಂತಿ. ಹನ್ನೊಂದನೇ ದಿನದ ಮೀಯುವಿಕೆಯವರೆಗೆ ಅವಳು ಆ ಹೊಸಿಲು ದಾಟುವಂತಿಲ್ಲ, ದಾಟಿದರೂ ಕೊಟ್ಟಿಗೆಗೆ ಖಂಡಿತ ಇಲ್ಲ. ಅವಳಿಗೆ ಇದ್ದದ್ದು ಆ ಕಿಟಕಿ ಒಂದೇ. ಸರಳಿಗೆ ಕೆನ್ನೆ ಒತ್ತಿ ನೋಡುತ್ತಿದ್ದವಳು ಬೆಳಿಗ್ಗೆಯೇ ನನ್ನನ್ನು ಕೂಗಿದಳು.

"ಶಾರ್ದೆ, ಬೇಗ ಬಾ. ಅದರ ಉಚ್ಚೆ ನೋಡಿದ್ಯಾ? ಎಂತ ಬಣ್ಣ?"

"ಕರಿ ಚಾ ಕಂಡಂಗೆ ಅದೆ ಅಮ್ಮ."

ಅಮ್ಮನಿಗೆ ರೋಗದ ಗುರುತು ಸಿಕ್ಕಿತು. ಅವಳು ಸಂಘದ ಸಭೆಯಲ್ಲಿ ದನದ ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡವಳು. ಡಾಕ್ಟರು ಒಬ್ಬರು, ಅವರ ಪಾಲಿಗೆ ಬಿದ್ದ ಊರು ಹತ್ತಾರು. ಎಲ್ಲ ಕಡೆಗೂ ಅವರೇ ಹೋಗಲಾಗದು. ಹಾಗಾಗಿ ಅವರೊಂದು ಪದ್ಧತಿ ಮಾಡಿದ್ದರು. ಔಷಧಿಯನ್ನು ಹಸುವಿನ ತೂಕ ನೋಡಿಯೇ ಕೊಡಬೇಕು, ಜನರ ಅಂದಾಜು ನಂಬುವಂತಿಲ್ಲ. ಆದ್ದರಿಂದ ಹಸುವಿನ ಮುಂಗಾಲಿನ ಹಿಂದೆ ಎದೆಯ ಸುತ್ತ ಒಂದು ದಾರ ಸುತ್ತಿ, ತುದಿ ಕೂಡುವಲ್ಲಿ ಗಂಟು ಹಾಕಿ, ಗಂಟಿನಾಚೆ ಕತ್ತರಿಸಿ ಆಸ್ಪತ್ರೆಗೆ ತರಬೇಕು. ಜೊತೆಗೆ ಶೀಶೆಯಲ್ಲಿ ಉಚ್ಚೆ. ಅಷ್ಟಾದರೆ ಅವರು ಲೆಕ್ಕ ಹಾಕಿ ಕಂಪೌಂಡರ್ ಕೈಯಲ್ಲಿ ಇಂಜೆಕ್ಷನ್ ಕಳಿಸುವರು. ಅಮ್ಮ ಕಿಟಕಿಯಿಂದ ಒಂದೊಂದೇ ಹೇಳಿದಳು, ನಾನು ಸುತಳಿ ಹಿಡಿದು ಚಂದ್ರಿಯ ಹೊಟ್ಟೆಯಡಿ ನುಸುಳಿದೆ. ಅದರ ಮೈ ಒಲೆಯ ಹಾಗೆ ಸುಡುತ್ತಿತ್ತು. ಅಜ್ಜಿ ಅದರ ಕೊರಳು ಹಿಡಿದು ನಿಂತಿದ್ದಳು, ಮುಖ ಆಚೆ ತಿರುಗಿಸಿ.

"ಅಳದ್ಯಾ? ಸಡಿಲ ಬಿಡ್ಬೇಡ. ಗಂಟು ಹಾಕ್ದ್ಯಾ?"

"ಆತು ಅಮ್ಮ."

ಹಾಕಿದ್ದೆ. ಸರಿಯಾಗಿಯೇ ಹಾಕಿದ್ದೆ. ಕೊಟ್ಟಿಗೆಯಿಂದ ಹಿತ್ತಿಲ ಬಾಗಿಲಿಗೆ ಬರುವಾಗ, ಕಿಟಕಿಗೆ ಕಾಣದ ತಿರುವಿನಲ್ಲಿ ಅಜ್ಜಿ ನನ್ನ ಮುಂಗೈ ಹಿಡಿದಳು. ಒಳಗೆ ಕರೆದೊಯ್ದು ಕಾಯಿ ತುರಿಯುವ ಮೆಟ್ಟುಗತ್ತಿಯ ಮುಂದೆ ಕೂತು, ಹೆಬ್ಬೆರಳಿಂದ ಕಿರುಬೆರಳಿಗೆ ಕೈ ಅಗಲಿಸಿ ದಾರದ ಗಂಟಿಲ್ಲದ ತುದಿಯಲ್ಲಿ ಒಂದು ಗೇಣು ಅಳೆದು, ಕತ್ತಿಯ ಅಲಗಿಗೆ ಒತ್ತಿದಳು. ತುಂಡಾದ ಗೇಣುದ್ದದ ದಾರವನ್ನು ಅಕ್ಕಿಪೆಟ್ಟಿಗೆಯ ಮುಚ್ಚಳ ಎತ್ತಿ, ಮೊಣಕೈವರೆಗೆ ಕೈ ಇಳಿಸಿ, ಅಕ್ಕಿಯ ಅಡಿಯಲ್ಲಿ ಹುಗಿದಳು.

"ಜೀವ ಇದ್ದದ್ದನ್ನ ಪೂರ್ತಿ ಅಳದು ಹೊರಗೆ ಕಳಿಸೂದಲ್ಲ ಮಗಾ. ಒಂದ್ ಗೇಣು ಮನಿಲಿದ್ರೆ ಅದೂ ಮನಿಲೇ ಇರ್ತದೆ. ಅಮ್ಮಂಗೆ ಹೇಳ್ಬೇಡ. ಬಾಣಂತಿ, ಸುಮ್ನೆ ಬೇಜಾರ ಮಾಡ್ಕಂತದೆ."

ಅವಳ ಕಣ್ಣಲ್ಲಿ ನೀರು ಇತ್ತು. ಆ ದಾರದಲ್ಲಿ ಅವಳು ಚಂದ್ರಿಯನ್ನು ಮನೆಗೆ ಕಟ್ಟಿಹಾಕುತ್ತಿದ್ದಳು. ಇದನ್ನು ನಾನು ಆಗಲೂ ಅರಿತಿದ್ದೆ. ನನಗೆ ಹತ್ತು ವರ್ಷ, ನನ್ನ ಮಾತೆಲ್ಲ ಅವಳ ಬಾಯಿಂದ ಕಲಿತದ್ದು, ಅವಳ ಭಯವನ್ನೂ ಮಾತಿನ ಜೊತೆಗೇ ಕಲಿತಿದ್ದೆ.

ಹಳ್ಳದ ಮೇಲಿನ ಮರದ ಸಂಕ ದಾಟಿ, ಗದ್ದೆಯಂಚು ಹಿಡಿದು ದನದ ಆಸ್ಪತ್ರೆಗೆ ಮುಟ್ಟಿದಾಗ ಡಾಕ್ಟರು ಒಬ್ಬರೇ ಕೂತಿದ್ದರು. ಬಯಲುಸೀಮೆಯ ಕಡೆಯವರು, ತೆಳ್ಳಗೆ, ಮಾತು ಕಡಿಮೆ. ಅವರ ಮೇಜಿನ ಅಂಚಿನುದ್ದಕ್ಕೂ ಇಂಚಿಗೊಂದರಂತೆ ಸಣ್ಣ ಮೊಳೆ ಹೊಡೆದಿತ್ತು. ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು. ನನ್ನ ದಾರವನ್ನು ಮೊಳೆಗಳ ಪಕ್ಕ ಎಳೆದು ಮಲಗಿಸಿದರು. ಹುಬ್ಬು ಕೂಡಿತು.

"ಜರ್ಸಿ ಮಿಶ್ರ ಅಂತೀಯ. ಎದೆ ಇಷ್ಟೇನಾ? ಸಣ್ಣ ಹಸುನಾ?"

"ಹೌದು ಸಾರ್."

ಆ ಒಂದು ಮಾತು. ಎಷ್ಟು ಸಲೀಸಾಗಿ ಬಂತು! ಅವರು ಪಟ್ಟಿ ನೋಡಿ, ಚೀಟಿ ಬರೆದು, ಕಂಪೌಂಡರನ್ನು ಕರೆದರು. ಅವನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತೇ ನಾನು ಮನೆಗೆ ಬಂದೆ. ಕಂಪೌಂಡರ್ ಕುದಿಸಿ ಆರಿಸಿದ ನೀರು ಕೇಳಿ, ಪುಟ್ಟ ಬಾಟಲಿಯ ಹಳದಿ ಪುಡಿಗೆ ಅದನ್ನು ಸೇರಿಸಿ ಕುಲುಕಿದ. ಅರಿಶಿನದ ನೀರಿನಂತಾಯಿತು. ಅದರಲ್ಲಿ ಚೀಟಿಯಲ್ಲಿ ಬರೆದಷ್ಟನ್ನೇ ಸಿರಿಂಜಿಗೆ ಎಳೆದು, ಹಸುವನ್ನು ನೋಡಿ ಕೈ ನಿಲ್ಲಿಸಿದ.

"ಎಂತಾ ಅಜ್ಜಿ, ಇದು ಚೀಟಿಲಿದ್ದ ಹಸುಕ್ಕಿಂತ ದೊಡ್ಡದು ಕಾಣ್ತದಲ್ಲ?"

"ಕಣ್ಣು ಹಾಕ್ಬೇಡ್ವೋ. ಮೇವು ಬಿಟ್ಟು ಹೊಟ್ಟೆ ಉಬ್ಬರಿಸ್ಯದೆ, ಅದ್ಕೇ ಹಂಗೆ ಕಾಣ್ತದೆ."

ಅವನು ನನ್ನ ಕಡೆ ನೋಡಿದ. ನಾನು ಪಕ್ಕದ ಗೂಟದಲ್ಲಿದ್ದ ಚಂದ್ರಿಯ ಕರುವಿನ ಕಿವಿ ನೇವರಿಸುತ್ತಿದ್ದೆ. "ಡಾಕ್ಟ್ರು ಬರ್ದಷ್ಟೇ ಹಾಕೂದಪ್ಪ ನಮ್ ಕೆಲ್ಸ," ಎಂದು ಚುಚ್ಚಿದ. ಚುಚ್ಚುವ ಮೊದಲೇ ಕಿವಿತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ಒಣಗಿಸಿಟ್ಟುಕೊಂಡಿದ್ದ. ಬಾಟಲಿಯಲ್ಲಿ ಹಳದಿ ನೀರು ಇನ್ನೂ ಉಳಿದಿತ್ತು. ಅವನು ಅದನ್ನು ಹಿತ್ತಿಲ ಬೂದಿಗುಂಡಿಗೆ ಸುರಿದದ್ದು, ಬೂದಿಯ ಮೇಲೆ ಹಳದಿ ಕಲೆ ಮೂಡಿ ಹಾಗೇ ಇಂಗಿಹೋದದ್ದು ನನಗೆ ಈಗಲೂ ಕಾಣುತ್ತದೆ.

ಎರಡು ದಿನದಲ್ಲಿ ಚಂದ್ರಿ ಎದ್ದಿತು. ಉಚ್ಚೆಯ ಬಣ್ಣ ತಿಳಿಯಾಯಿತು, ಅಕ್ಕಿ ತೊಳೆದ ಅಕ್ಕಚ್ಚು ಕುಡಿಯಿತು, ಕರುವನ್ನು ನೆಕ್ಕಿತು. ಅಮ್ಮ ಕಿಟಕಿಯಲ್ಲಿ ಕೂತು ಕೂಸಿಗೆ ಹಾಲೂಡುತ್ತ ಅದರ ಜೊತೆ ಮಾತಾಡಿದಳು. ಅಜ್ಜಿ ನನ್ನತ್ತ ನೋಡಿ ಹುಬ್ಬು ಹಾರಿಸಿದಳು, ಕಂಡ್ಯಾ ಅನ್ನುವ ಹಾಗೆ. ಟಾನಿಕ್ಕಿನ ಬಾಟಲಿ ತರಲು ನಾನು ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಖುಷಿಯಲ್ಲಿದ್ದರು. "ಬಾ, ನಿಮ್ಮ ಹಸುವನ್ನು ಕಾಡಿದ್ದು ಯಾರು ಅಂತ ತೋರಿಸ್ತೇನೆ" ಎಂದು ಸ್ಟೂಲಿನ ಮೇಲೆ ನಿಲ್ಲಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿಸಿದರು. ತೆಳು ಗುಲಾಬಿ ಬಿಲ್ಲೆಗಳು. ಕೆಲವು ಬಿಲ್ಲೆಗಳ ಒಳಗೆ ಎರಡೆರಡು ನೇರಳೆ ಬೀಜ, ಚೂಪು ತುದಿ ಒಂದಕ್ಕೊಂದು ತಾಗಿಸಿಕೊಂಡು, ಥೇಟ್ ಎರಡು ಕಣ್ಣು. ಆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

"ಎಲ್ಲಾ ಸತ್ವಾ ಸಾರ್?"

"ಔಷಧಿ ಪೂರ್ತಿ ಬಿದ್ದಿದ್ದರೆ ಸತ್ತಿರ್ತಾವೆ. ಕಡಿಮೆ ಬಿದ್ದರೆ ಅಡಗಿ ಕೂತು ಮತ್ತೆ ಏಳ್ತಾವೆ."

ಆಗ ಹೇಳಬಹುದಿತ್ತು. ಬಾಯಿ ತೆರೆದೂ ಇದ್ದೆ. ಆದರೆ ಹಸು ಹುಲ್ಲು ತಿನ್ನುತ್ತಿದೆ, ಅಮ್ಮ ನಗುತ್ತಿದ್ದಾಳೆ, ಅಜ್ಜಿಗೆ ಕೊಟ್ಟ ಮಾತು ಇದೆ. ಟಾನಿಕ್ ಬಾಟಲಿ ಎದೆಗವಚಿಕೊಂಡು ಮನೆಗೆ ನಡೆದೆ. ಅವತ್ತಿನಿಂದ ಕೊಟ್ಟಿಗೆಗೆ ಹೋಗಲು ನನಗೆ ಹೆದರಿಕೆ. ಚಂದ್ರಿ ನೆಟ್ಟಗೆ ನಿಂತು ಮೆಲುಕು ಹಾಕುತ್ತಿದ್ದರೂ ಅದರ ಚರ್ಮದ ಒಳಗಿಂದ ಜೋಡಿ ಜೋಡಿ ಕಣ್ಣುಗಳು ಕಾಯುತ್ತ ಕೂತಿವೆ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಹನ್ನೊಂದನೇ ದಿನ ಅಮ್ಮ ಮಿಂದು, ಒದ್ದೆಗೂದಲಿಗೆ ಬಟ್ಟೆ ಸುತ್ತಿಕೊಂಡು, ಮೊದಲು ಹೋದದ್ದು ಕೊಟ್ಟಿಗೆಗೆ. ಅವಳು ಕೂಗಿದ ಕೂಗಿಗೆ ನಾನು ಕೈಯಲ್ಲಿದ್ದ ತಟ್ಟೆ ಬಿಟ್ಟೆ. ಚಂದ್ರಿ ಕಾಲು ಮಡಿಸಿ ಕೂತಿತ್ತು, ಅದರ ಹಿಂದೆ ನೆಲ ಕಪ್ಪುಗೆಂಪಾಗಿತ್ತು, ವಸಡು ಕಾಗದದಂತೆ ಬಿಳಿ. ಈ ಸಲ ಡಾಕ್ಟರೇ ಮೋಟಾರುಬೈಕಿನಲ್ಲಿ ಬಂದರು. ಕೊಟ್ಟಿಗೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಹಸುವನ್ನು ನೋಡಿದರು. ತಮ್ಮ ಚೀಲದಿಂದ ಟೇಪು ತೆಗೆದು ಅದರ ಎದೆಗೆ ಸುತ್ತಿದರು. ಟೇಪು ನೋಡಿದರು, ಡೈರಿ ತೆರೆದು ನೋಡಿದರು, ಮತ್ತೆ ಟೇಪು ನೋಡಿದರು. ದಾರದಲ್ಲಿ ಒಂದು ಗೇಣು ಕಡಿಮೆಯಾದರೆ ಹಸುವಿನ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕಾಣೆಯಾಗುತ್ತದೆ. ನಾನು ಆ ಲೆಕ್ಕ ಮಾಡಿದ್ದು ದೊಡ್ಡವಳಾದ ಮೇಲೆ. ಅವರು ಅಲ್ಲೇ, ನಿಂತಲ್ಲೇ ಮಾಡಿ ಮುಗಿಸಿದರು.

"ಅವತ್ತು ದಾರ ಅಳೆದದ್ದು ಯಾರು?"

ಅಜ್ಜಿ ಕಂಬ ಹಿಡಿದು ನಿಂತಿದ್ದಳು. ಅಮ್ಮ ನನ್ನನ್ನು ನೋಡಿದಳು.

"ನಾನು," ಅಂದೆ.

ಡಾಕ್ಟರು ನನ್ನ ಮುಖವನ್ನೇ ನೋಡಿದರು. ಆಮೇಲೆ ಅಜ್ಜಿಯನ್ನು. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತ, ನನ್ನ ತಲೆಯ ಮೇಲೆ ಕೈಯಿಟ್ಟರು.

"ಸಂಕ ದಾಟುವಾಗ ನೀರು ತಾಗಿರಬೇಕು. ಸುತಳಿ ಒದ್ದೆಯಾದರೆ ಕುಗ್ತದಮ್ಮ. ಮಗುವಿನ ತಪ್ಪಲ್ಲ."

ಪೂರ್ತಿ ಔಷಧಿಯನ್ನು ಅವರೇ ಚುಚ್ಚಿದರು. ಕುತ್ತಿಗೆಯ ನರಕ್ಕೆ ಗ್ಲೂಕೋಸ್ ಏರಿಸಿ, ಮಧ್ಯಾಹ್ನದ ಊಟವನ್ನೂ ಮಾಡದೆ ಕೂತರು. ಆದರೆ ಒಡೆದುಹೋದ ರಕ್ತವನ್ನು ಯಾವ ಔಷಧಿ ವಾಪಸು ತಂದೀತು? ಮರುದಿನ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಚಂದ್ರಿ ಅಜ್ಜಿಯ ತೊಡೆಯ ಮೇಲೆ ಗದ್ದ ಇಟ್ಟುಕೊಂಡೇ ಸತ್ತಿತು. ಹಿತ್ತಿಲ ತೆಂಗಿನ ಬುಡದಲ್ಲಿ ಉಪ್ಪು ಸುರಿದು ಹೂಳಿದರು. ಗುಂಡಿ ತೋಡುವವರು ಎಷ್ಟುದ್ದ ಬೇಕು ಎಂದು ಕೋಲು ಹಿಡಿದು ಅಳೆಯಲು ಬಂದಾಗ ಅಜ್ಜಿ ಎದ್ದು ಒಳಗೆ ಹೋದಳು.

ಆ ಮೇಲಿನ ಮನೆ ಬೇರೆಯೇ ಮನೆ. ಕರು ಮುಸ್ಸಂಜೆ ಹೊತ್ತಿಗೆ ಅದರ ತಾಯಿಯದೇ ಸ್ವರದಲ್ಲಿ ಕೂಗುತ್ತಿತ್ತು. ಅಜ್ಜಿ ಅಕ್ಕಚ್ಚಿನ ಬಾಲ್ದಿ ಹಿಡಿದು ಹೊರಟು, ಅಂಗಳದ ನಡುವೆ ನೆನಪಾಗಿ ನಿಲ್ಲುವಳು. ನಿಂತವಳು ತಿರುಗಿ ಬರುತ್ತಿರಲಿಲ್ಲ, ಹೋಗಿ ಬರಿಗೂಟದ ಬುಡಕ್ಕೆ ಸುರಿದೇ ಬರುವಳು. ಮೆಟ್ಟುಗತ್ತಿಯ ಮೇಲೆ ತೆಂಗಿನಕಾಯಿ ತುರಿಯುವಾಗ ನನಗೆ ದಾರ ತುಂಡಾದ ಸಪ್ಪಳವೇ ಕೇಳುವುದು. ಚಂದ್ರಿಯನ್ನು ಹೂಳಿದ ಆ ತೆಂಗಿನ ಕಾಯಿಯನ್ನು ಅಜ್ಜಿ ಬದುಕಿದ್ದಷ್ಟು ದಿನವೂ ಬಾಯಿಗಿಡಲಿಲ್ಲ, ಅಮ್ಮ ಬೇಕೆಂದೇ ಅದರಲ್ಲೇ ಸಾರು ಮಾಡುವಳು. ಅಕ್ಕಿ ಎತ್ತುವಾಗ ಮಾತ್ರ ಇಬ್ಬರೂ ಒಂದೇ. ಪೆಟ್ಟಿಗೆಯ ತಳದವರೆಗೆ ಯಾರೂ ಕೈ ಇಳಿಸುತ್ತಿರಲಿಲ್ಲ.

ಒಂದು ದಿನ ಶಾಲೆಯಿಂದ ಬಂದಾಗ ಅಮ್ಮ ಅಡುಗೆಮನೆಯ ನೆಲದಲ್ಲಿ ಒಬ್ಬಳೇ ಕೂತಿದ್ದಳು. ಮುಂದೆ ನೀರಿನ ಬೋಗುಣಿ, ಅದರಲ್ಲಿ ನೆನೆಹಾಕಿದ ಸುತಳಿ. ಅದನ್ನು ಹಿಂಡಿ, ಬಾಗಿಲ ಚೌಕಟ್ಟಿಗೆ ಹಿಡಿದು, ಇದ್ದಿಲಲ್ಲಿ ಮೊದಲೇ ಹಾಕಿಟ್ಟ ಎರಡು ಗೆರೆಗಳ ನಡುವೆ ಅಳೆದಳು. ಒಂದೆರಡು ಬೆರಳು ಕುಗ್ಗಿತ್ತು, ಅಷ್ಟೆ. ಗೇಣು ಎಲ್ಲಿ, ಬೆರಳು ಎಲ್ಲಿ. ನಾನು ಬಾಗಿಲಲ್ಲಿ ನಿಂತದ್ದು ಅವಳಿಗೆ ಗೊತ್ತಿತ್ತು. ತಲೆಯೆತ್ತಲಿಲ್ಲ, ಕೇಳಲಿಲ್ಲ. ಎದ್ದು ಗೆರೆಗಳನ್ನು ಸೆರಗಿನಿಂದ ಒರೆಸಿ, "ಕೈಕಾಲು ತೊಳ್ಕಂಡು ಬಾ, ಗಂಜಿ ಅದೆ" ಅಂದಳು. ಅವಳು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಕೇಳದೇ ಇದ್ದದ್ದರಿಂದ ನಾನು ಆ ಮನೆಯಲ್ಲಿ ಕಿವಿಗೊಟ್ಟು ನಡೆಯುವುದನ್ನು ಕಲಿತೆ. ಯಾರ ಉಸಿರು ಎಲ್ಲಿ ತಡೆಯಿತು, ಯಾವ ಮಾತು ಅರ್ಧಕ್ಕೆ ನಿಂತಿತು, ಅದೇ ನನ್ನ ಪಾಠವಾಯಿತು. ಇವತ್ತು ನಾನು ಯಾರ ಹತ್ತಿರ ಮಾತಾಡಿದರೂ ಅವರು ಹೇಳದೆ ಬಿಟ್ಟದ್ದೇ ಮೊದಲು ಕೇಳಿಸುತ್ತದೆ. ಇದು ಗುಣವೋ ಶಾಪವೋ ಗೊತ್ತಿಲ್ಲ.

ಅಜ್ಜಿಗೆ ಎಂಬತ್ತು ಮೀರಿದ ಮೇಲೆ ಒಂದು ಸಲ ಚಳಿಜ್ವರ ಬಂತು. ನಾನು ಮದುವೆಯಾಗಿ ಹೊನ್ನಾವರದಲ್ಲಿದ್ದೆ, ಸುದ್ದಿ ಕೇಳಿ ಬಂದಿದ್ದೆ. ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಬಂದು ಅಜ್ಜಿಯ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿದಳು. ಅದನ್ನು ಕಂಡದ್ದೇ ನನಗೆ ಆ ಜೋಡಿ ಕಣ್ಣುಗಳು ನೆನಪಾದವು. ಮಲೇರಿಯಾ ಇರಬಹುದು, ಅದರ ಹುಳವೂ ರಕ್ತದೊಳಗೇ ಕೂರುವುದು ಎಂದು ಅವಳು ವಿವರಿಸಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತ ಕೇಳಿದಳು.

"ಅಜ್ಜಿ ತೂಕ ಎಷ್ಟಿರ್ಬಹುದು ಅಂದಾಜು?"

"ನಲವತ್ತು," ಅಂದೆ ನಾನು, ಬಾಯಿಗೆ ಬಂದದ್ದು.

ಕಂಬಳಿಯೊಳಗಿಂದ ಅಜ್ಜಿ ಕಣ್ಣು ತೆರೆದಳು. ಹುಡುಗಿ ಅಂಗಳ ದಾಟಿ ಹೋದ ಮೇಲೆ ಹೇಳಿದಳು:

"ಶಾರ್ದೆ, ದಾರ ತಾ. ನನ್ನ ಅಳಿ."

"ಎಂತಕ್ಕೆ ಅಜ್ಜಿ? ಮಲ್ಕ."

"ತಾ ಅಂದ್ರೆ ತಾ. ಪೂರ್ತಿ ಅಳಿ. ಎಂತದೂ ಕಮ್ಮಿ ಮಾಡ್ಬೇಡ."

ಅಮ್ಮ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಟ್ಟಲು ಕೆಳಗಿಟ್ಟು, ಒಳಗೆ ಹೋಗಿ ಸುತಳಿಯ ಉಂಡೆ ತಂದವಳು ಅವಳೇ. ಅಜ್ಜಿಯನ್ನು ಎದೆಗಾನಿಸಿ ಕೂರಿಸಿದಳು. ನಾನು ಅಜ್ಜಿಯ ಕಂಕುಳಡಿಯಿಂದ ದಾರ ತಂದು ಎದೆಗೆ ಸುತ್ತಿದೆ. ಎಷ್ಟು ಸಣ್ಣ ಎದೆ! ದಾರ ಸುತ್ತಿ ಇನ್ನೂ ಬೇಕಾದಷ್ಟು ಉಳಿಯಿತು. ತುದಿ ಕೂಡುವಲ್ಲಿ ಗಂಟು ಹಾಕಿದೆ.

"ಆತಾ?" ಅಂದಳು ಅಜ್ಜಿ.

"ಆತು."

ಅವಳು ಅಮ್ಮನ ಕಡೆ ತಿರುಗಲು ನೋಡಿದಳು, ಆಗಲಿಲ್ಲ. ಎದುರಿನ ಗೋಡೆಗೇ ಹೇಳಿದಳು:

"ಅವತ್ತು ದಾರ ಕುಗ್ಗಿದ್ದಲ್ಲ ಮಾರಾಯ್ತಿ."

"ಗೊತ್ತಿತ್ತು ಅತ್ತೆ."

ಹೊರಗೆ ಯಾರೋ ದನ ಅಟ್ಟಿಕೊಂಡು ಹೋದರು. ಕೊರಳ ಗಂಟೆಯ ಸಪ್ಪಳ ದೂರವಾಯಿತು.

"ಗೊತ್ತಿದ್ದೂ ಇಷ್ಟು ವರ್ಷ ಅನ್ನ ಹಾಕ್ದ್ಯಲ್ಲೆ."

"ಹಾಕ್ದೆ," ಅಂದಳು ಅಮ್ಮ, ಅವಳ ನೆತ್ತಿಯ ಕೂದಲು ಸರಿಮಾಡುತ್ತ. "ಅಳದು ಹಾಕಲಿಲ್ಲ."

ಅಜ್ಜಿ ಆ ಜ್ವರದಿಂದ ಎದ್ದಳು, ಇನ್ನೂ ಎರಡು ಮಳೆಗಾಲ ಕಂಡಳು. ಈಗ ಅವಳೂ ಇಲ್ಲ, ಅಮ್ಮನೂ ಇಲ್ಲ. ಅಕ್ಕಿಪೆಟ್ಟಿಗೆ ನನ್ನ ಮನೆಗೆ ಬಂದಿದೆ. ತರುವಾಗ ಅದನ್ನು ಬೋರಲು ಹಾಕಿ ಕೊಡವಿದೆವು, ಹುಡುಕಿದೆ, ತಳದಲ್ಲಿ ಹುಡಿಯಾದ ನುಚ್ಚು ಬಿಟ್ಟರೆ ಏನೂ ಇರಲಿಲ್ಲ. ಅವರಿಬ್ಬರ ನಡುವಿನದು ಅವತ್ತು ಮುಗಿಯಿತು. ನನ್ನನ್ನು ಮಾತ್ರ ಇಬ್ಬರೂ ಏನೂ ಕೇಳಲಿಲ್ಲ. ಕೇಳಿದವರು ಒಬ್ಬರೇ, ಆ ಡಾಕ್ಟರು. ಮೊಳೆ ಹೊಡೆದ ಮೇಜಿನಾಚೆ ಕೂತು ಅವರು ಈಗಲೂ ಹುಬ್ಬು ಕೂಡಿಸಿ, ಸಣ್ಣ ಹಸುನಾ ಅನ್ನುತ್ತಾರೆ, ನಾನು ಪ್ರತಿ ಸಲವೂ ಹೌದು ಅನ್ನುತ್ತೇನೆ. ದಿನವೂ ಅಕ್ಕಿ ಎತ್ತುವಾಗ ನನ್ನ ಮೂರು ಬೆರಳು ತಾವಾಗಿಯೇ ಸೇರಿನಿಂದ ಒಂದು ಚಿಟಿಕೆ ತೆಗೆಯುತ್ತವೆ. ತೆಗೆದ ಮೇಲೆ ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ, ಪೆಟ್ಟಿಗೆಯ ಮುಚ್ಚಳ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತೇನೆ.